ನೋವಾ ವೆಬ್‌ಸ್ಟರ್

ನೋವಾ ವೆಬ್‌ಸ್ಟರ್ (16 ಅಕ್ಟೋಬರ್ 1758 – 28 ಮೇ 1843) ಅಮೆರಿಕದ ನಿಘಂಟುಕಾರರು, ಶಿಕ್ಷಕರು ಹಾಗೂ ಪತ್ರಿಕಾ ಸಂಪಾದಕರು. ಇಂಗ್ಲಿಷಿನ ಅಮೆರಿಕನ್ ಕಾಗುಣಿತವು ಬ್ರಿಟಿಷ್ ಕಾಗುಣಿತದಿಂದ ಬೇರೆಯಾಗಿ ನೆಲೆಗೊಳ್ಳಲು ಇವರ ಪಠ್ಯಪುಸ್ತಕ ಮತ್ತು ನಿಘಂಟುಗಳು ಮುಖ್ಯ ಕಾರಣವಾದವು.

ಆರಂಭಿಕ ಜೀವನ

ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಬಳಿಯ ರೈತ ಕುಟುಂಬದಲ್ಲಿ ಜನಿಸಿದರು. ಮಗನನ್ನು ಯೇಲ್ ಕಾಲೇಜಿಗೆ ಕಳುಹಿಸಲು ತಂದೆ ಜಮೀನನ್ನು ಒತ್ತೆಯಿಟ್ಟರು. ಸ್ವಾತಂತ್ರ್ಯ ಸಂಗ್ರಾಮದ ನಡುವೆ, 1778ರಲ್ಲಿ ಪದವಿ ಪಡೆದ ವೆಬ್‌ಸ್ಟರ್ ಶಾಲಾ ಶಿಕ್ಷಕರಾದರು. ಬಳಿಕ ಕಾನೂನನ್ನೂ ಅಭ್ಯಸಿಸಿದರು.

ಕಾಗುಣಿತ ಸುಧಾರಣೆ

1783ರಲ್ಲಿ ಮಕ್ಕಳಿಗಾಗಿ ಕಾಗುಣಿತದ ಪುಸ್ತಕವನ್ನು ಪ್ರಕಟಿಸಿದರು. ನೀಲಿ ರಟ್ಟಿನ ಈ ಪುಸ್ತಕ ಅಮೆರಿಕದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿತ್ತು. ಮೊದಲ ಮುದ್ರಣದಲ್ಲಿ ಇವರು ಇಂಗ್ಲೆಂಡಿನ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್‌ರ ಕಾಗುಣಿತವನ್ನೇ ಅನುಸರಿಸಿದ್ದರು. ಸ್ವತಂತ್ರ ರಾಷ್ಟ್ರಕ್ಕೆ ತನ್ನದೇ ಭಾಷಾಕ್ರಮವಿರಬೇಕೆಂಬ ನಿಲುವನ್ನು 1789ರ ಪ್ರಬಂಧಗಳಲ್ಲಿ ಮಂಡಿಸಿದರು.

ಕಲರ್, ಆನರ್ ಮುಂತಾದ ಪದಗಳಿಂದ 'ಯು' ಅಕ್ಷರವನ್ನು ಕೈಬಿಟ್ಟರು. ಸೆಂಟರ್, ಥಿಯೇಟರ್ ಪದಗಳ ಕೊನೆಯ 'ಆರ್‌ಇ'ಯನ್ನು 'ಇಆರ್' ಎಂದು ಬದಲಿಸಿದರು. ಡಿಫೆನ್ಸ್ ಪದದಲ್ಲಿ 'ಸಿ' ಬದಲು 'ಎಸ್' ಬಳಸಿದರು. ಇವುಗಳಲ್ಲಿ ಹಲವು ಇಂಗ್ಲೆಂಡಿನಲ್ಲಿಯೇ ಮೊದಲು ಪರ್ಯಾಯ ರೂಪಗಳಾಗಿದ್ದವು. ಅವುಗಳನ್ನು ಆಯ್ದು ಸ್ಥಿರಗೊಳಿಸಿದ್ದು ವೆಬ್‌ಸ್ಟರ್ ಅವರ ಕೊಡುಗೆ. ವುಮೆನ್, ಟಂಗ್ ಪದಗಳನ್ನು ಉಚ್ಚಾರಣೆಯಂತೆಯೇ ಬರೆಯಬೇಕೆಂಬ ಇವರ ಸಲಹೆಯನ್ನು ಜನರು ಒಪ್ಪಲಿಲ್ಲ.

ನಿಘಂಟು

1806ರಲ್ಲಿ ಸಂಕ್ಷಿಪ್ತ ನಿಘಂಟನ್ನೂ, 1828ರಲ್ಲಿ ಸುಮಾರು 70,000 ಪದಗಳ ಎರಡು ಸಂಪುಟಗಳ ಬೃಹತ್ ನಿಘಂಟನ್ನೂ ಪ್ರಕಟಿಸಿದರು. ಬ್ರಿಟಿಷ್ ರೂಢಿಯಿಂದ ಬಿಡುಗಡೆ ಬಯಸಿದ ಈ ಕೃತಿಯ ಹಸ್ತಪ್ರತಿ ಪೂರ್ಣಗೊಂಡದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, 1825ರಲ್ಲಿ. ಅರ್ಥನಿರೂಪಣೆಯಲ್ಲಿ ಇದು ಮೆಚ್ಚುಗೆ ಪಡೆದರೂ ಪದಮೂಲಗಳ ವಿವರಣೆ ದೋಷಪೂರ್ಣವಾಗಿತ್ತು. 1864ರ ಆವೃತ್ತಿಯಲ್ಲಿ ಆ ಭಾಗವನ್ನು ಜರ್ಮನ್ ವಿದ್ವಾಂಸರೊಬ್ಬರು ಹೊಸದಾಗಿ ಬರೆದರು. ಮೊದಲ ಆವೃತ್ತಿಯ ಮಾರಾಟ ಕೇವಲ 2,500 ಪ್ರತಿಗಳಷ್ಟಿತ್ತು. ಎರಡನೆಯ ಆವೃತ್ತಿಗಾಗಿ ವೆಬ್‌ಸ್ಟರ್ ತಮ್ಮ ಮನೆಯನ್ನೇ ಒತ್ತೆಯಿಟ್ಟರು; ಸಾಲದ ಹೊರೆ ಕೊನೆಯವರೆಗೂ ಉಳಿಯಿತು.

ನಿಧನ ಮತ್ತು ಪ್ರಭಾವ

1843ರಲ್ಲಿ ನ್ಯೂ ಹೇವನ್‌ನಲ್ಲಿ ನಿಧನರಾದರು. ಅದೇ ವರ್ಷ ನಿಘಂಟಿನ ಹಕ್ಕುಗಳನ್ನು ಮೆರಿಯಮ್ ಸಹೋದರರು ಖರೀದಿಸಿದರು. ಇಂದಿನ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದರ ಮುಂದುವರಿಕೆ. ಭಾರತದ ಶಾಲೆಗಳಲ್ಲಿ ಸಾಮಾನ್ಯವಾಗಿ ಬ್ರಿಟಿಷ್ ಕಾಗುಣಿತವೇ ರೂಢಿಯಲ್ಲಿದೆ. ಆದ್ದರಿಂದ ಅಮೆರಿಕನ್ ರೂಪಗಳನ್ನು ತಪ್ಪೆಂದು ಭಾವಿಸುವುದುಂಟು. ವಾಸ್ತವವಾಗಿ ಎರಡೂ ಶುದ್ಧ ರೂಪಗಳೇ. ಒಂದೇ ಬರಹದಲ್ಲಿ ಅವುಗಳನ್ನು ಬೆರೆಸುವುದು ಮಾತ್ರ ದೋಷವೆನಿಸುತ್ತದೆ.