ಬೇರಿನ ಸತ್ವ ಹುಡುಕಿದ ವಿಜ್ಞಾನಿ



ಈ ಸಲ ನಾನು ಡಾ. ಸಲೀಮುಜ್ಜಮಾನ್ ಸಿದ್ದಿಕಿಯವರ ಬಗ್ಗೆ ಬರೆದಿದ್ದೇನೆ. ಅವರು 1897ರಲ್ಲಿ ಈಗಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯಲ್ಲಿ ಹುಟ್ಟಿದರು. ಚಿತ್ರ ಬರೆಯೋದು ಅಂದ್ರೆ ಅವರಿಗೆ ಬಹಳ ಇಷ್ಟ. ಜರ್ಮನಿಗೆ ಹೋಗಿ ರಸಾಯನಶಾಸ್ತ್ರ ಓದಿ 1927ರಲ್ಲಿ ಡಾಕ್ಟರೇಟ್ ಪಡೆದರು. ದೆಹಲಿಯ ದೊಡ್ಡ ಯುನಾನಿ ವೈದ್ಯರಾದ ಹಕೀಂ ಅಜ್ಮಲ್ ಖಾನರು ಅವರನ್ನು ಗಿಡಮೂಲಿಕೆಗಳ ಪರೀಕ್ಷೆಗೆ ಹಚ್ಚಿದರು.

ಸರ್ಪಗಂಧದ ಗಿಡ ನಮ್ಮ ಪಶ್ಚಿಮಘಟ್ಟದ ಕಾಡಲ್ಲೂ ಬೆಳೆಯುತ್ತೆ. ಅದರ ಬೇರನ್ನು ಹಿಂದಿನವರು ಹುಚ್ಚಿಗೆ, ಹಾವಿನ ವಿಷಕ್ಕೆ ಕೊಡುತ್ತಿದ್ದರು. ಸಿದ್ದಿಕಿಯವರು ಅದನ್ನು ಸುಳ್ಳು ಅಂತ ತಳ್ಳಿಹಾಕಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. ಬೇರಿನೊಳಗೆ ಇರೋದನ್ನ ಒಂದೊಂದಾಗಿ ಬೇರ್ಪಡಿಸಿ 1931ರಲ್ಲಿ 5 ಸತ್ವಗಳನ್ನು ತೋರಿಸಿದರು. ಅಷ್ಟರಲ್ಲಿ ಹಕೀಮರು ತೀರಿಕೊಂಡಿದ್ದರು. ಅವರ ನೆನಪಿಗೆ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಮುಂದೆ ಅದು ಹೃದಯದ ಬಡಿತ ಏರುಪೇರಾದಾಗ ಕೊಡುವ ಔಷಧಿಯಾಯಿತು. ಇದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನವರು ಬಿ.ಪಿ. ಇಳಿಸುವ ರಿಸರ್ಪಿನ್ ತೆಗೆದರು.

ಯುಗಾದಿಗೆ ನಾವು ತಿನ್ನೋ ಬೇವನ್ನೂ ಸಿದ್ದಿಕಿಯವರು ಬಿಡಲಿಲ್ಲ. 1942ರಲ್ಲಿ ಬೇವಿನೆಣ್ಣೆಯಿಂದ ನಿಂಬಿನ್ ಮುಂತಾದ 3 ಕಹಿ ಸತ್ವಗಳನ್ನು ತೆಗೆದರು. 1951ರಲ್ಲಿ ಪಾಕಿಸ್ತಾನಕ್ಕೆ ಹೋದರು. 1994ರಲ್ಲಿ, 96ನೇ ವಯಸ್ಸಿನಲ್ಲಿ ಕರಾಚಿಯಲ್ಲಿ ತೀರಿಕೊಂಡರು.

ಇವರಿಂದ ನಾನು ಕಲಿತದ್ದು ಇಷ್ಟು. ಬೇರಿನ ಒಂದು ತುಂಡಲ್ಲಿ ಸತ್ವ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇರಬಹುದು. ಅದು ಕಣ್ಣಿಗೆ ಕಾಣಲ್ಲ. ಅಳತೆ ಗೊತ್ತಿದ್ದರೆ ಔಷಧಿ, ತಪ್ಪಿದರೆ ಅಪಾಯ. ಸರ್ಪಗಂಧ ಬಿ.ಪಿ. ಇಳಿಸುತ್ತೆ, ಆದರೆ ಹಾವಿನ ವಿಷ ಇಳಿಸಲ್ಲ. ಆದ್ದರಿಂದ ನಮ್ಮ ಹೆಗ್ಗದ್ದೆಯ ಕಾಫಿತೋಟದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಬೇರು ಅರೆಯುತ್ತಾ ಕೂರಬೇಡಿ. ತಕ್ಷಣ ಸಕಲೇಶಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.