ಹೊಸ ನೀರು ಕೊಚ್ಚಿಕೊಂಡು ಹೋದ ಆಡಂ ಆಸ್ಬೋರ್ನ್

ಹಳೇ ಕಂಪ್ಯೂಟರ್‌ಗಳನ್ನು ಹುಡುಕಿ ಕೊಳ್ಳೋ ಜನ ಪ್ರಪಂಚದ ತುಂಬಾ ಇದ್ದಾರೆ. ನಾವು ಮೂರು ವರ್ಷದ ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕಿ ಕೈತೊಳ್ಕೊತೀವಿ, ಅವರು ನಲವತ್ತು ವರ್ಷದ ಪೆಟ್ಟಿಗೆಗೆ ದುಡ್ಡು ಕೊಟ್ಟು ಮನೆಗೆ ತರ್ತಾರೆ. 1976ರಲ್ಲಿ 666.66 ಡಾಲರ್‌ಗೆ ಮಾರಾಟಕ್ಕೆ ಬಂದ ಆ್ಯಪಲ್-1ರ ಒಂದು ಪ್ರತಿ 2014ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 9,05,000 ಡಾಲರ್‌ಗೆ ಹೋಯಿತು. ಅಷ್ಟು ಬೆಲೆ ಬರದಿದ್ದರೂ ಸಂಗ್ರಾಹಕರು ಇಷ್ಟಪಟ್ಟು ಕೊಳ್ಳುವ ಇನ್ನೊಂದು ಯಂತ್ರ ಇದೆ, ಅದರ ಹೆಸರು ಆಸ್ಬೋರ್ನ್ 1. ಅದನ್ನು ಮಾರುಕಟ್ಟೆಗೆ ತಂದ ಆಡಂ ಆಸ್ಬೋರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಿರುವಣ್ಣಾಮಲೈಯಲ್ಲಿ! ಆದರೆ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಅವರ ಹೆಸರು ಉಳಿದಿರೋದು ಒಂದು ತಪ್ಪಿನ ಹೆಸರಾಗಿ ಮಾತ್ರ. ಇದು ನ್ಯಾಯವಾ ಅಂತ ಒಮ್ಮೆ ನೋಡೋಣ.

ಆಡಂ ಹುಟ್ಟಿದ್ದು 1939ರ ಮಾರ್ಚ್ 6ರಂದು, ಬ್ಯಾಂಕಾಕ್‌ನಲ್ಲಿ. ತಂದೆ ಆರ್ಥರ್ ಇಂಗ್ಲೆಂಡಿನವರು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ತಾಯಿ ಪೋಲೆಂಡಿನವರು. ಎರಡನೇ ಮಹಾಯುದ್ಧದ ಹೊತ್ತಿಗೆ ತಾಯಿ ಮಕ್ಕಳನ್ನು ಕರೆದುಕೊಂಡು ರಮಣ ಮಹರ್ಷಿಗಳ ಆಶ್ರಮದ ಹತ್ತಿರ ನೆಲೆಸಿದರು. ಬ್ಯಾಂಕಾಕ್‌ನಲ್ಲಿದ್ದ ತಂದೆಯನ್ನು ಜಪಾನೀಯರು ಸೆರೆಯಲ್ಲಿಟ್ಟರು, ಯುದ್ಧ ಮುಗಿದ ಮೇಲಷ್ಟೇ ಅವರು ಮನೆಯವರ ಮುಖ ನೋಡಿದ್ದು. ಮುಂದೆ ರಮಣರ ಬಗ್ಗೆ ಹೆಸರಾಂತ ಪುಸ್ತಕಗಳನ್ನು ಬರೆದವರೂ ಇದೇ ಆರ್ಥರ್ ಆಸ್ಬೋರ್ನ್. ಹುಡುಗ ಆಡಂ ಮಾತ್ರ ತಮಿಳು ಮಾತಾಡಿಕೊಂಡು, ಅರುಣಾಚಲದ ಬುಡದಲ್ಲಿ ಆಡಿಕೊಂಡು ಬೆಳೆದ. ಸ್ವಲ್ಪ ಕಾಲ ಕೊಡೈಕೆನಾಲ್‌ನಲ್ಲಿ ಶಾಲೆ, ಹನ್ನೊಂದರ ವಯಸ್ಸಿಗೆ ಇಂಗ್ಲೆಂಡ್.

ನಮ್ಮಲ್ಲಿ ಕೆಮಿಕಲ್ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು, ಏಕೆಂದರೆ ಆಸ್ಬೋರ್ನ್ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 1961ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪದವಿ, ಆಮೇಲೆ ಅಮೆರಿಕದ ಡೆಲವೇರ್‌ನಲ್ಲಿ ಪಿಎಚ್‌ಡಿ, ನಂತರ ಶೆಲ್ ತೈಲ ಕಂಪನಿಯಲ್ಲಿ ಕೆಲಸ. 1970ರ ದಶಕದ ಆರಂಭದಲ್ಲಿ ಅದನ್ನು ಬಿಟ್ಟು ಕಂಪ್ಯೂಟರ್ ಬಗ್ಗೆ ಬರೆಯಲು ಕೂತರು. ಮೈಕ್ರೊಪ್ರೊಸೆಸರ್ ಆಗಷ್ಟೇ ಬಂದಿತ್ತು, ಅದನ್ನು ಅರ್ಥವಾಗೋ ಹಾಗೆ ಹೇಳೋರು ಕಡಿಮೆ ಇದ್ರು. ಆಸ್ಬೋರ್ನ್ ತಾವೇ ಪುಸ್ತಕ ಬರೆದು, ತಾವೇ ಅಚ್ಚು ಹಾಕಿಸಿ, ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಗಳಿಗೆ ಡಬ್ಬದಲ್ಲಿ ತಂದು ಮಾರ್ತಿದ್ರು. ಸ್ಟೀವ್ ವೋಜ್ನಿಯಾಕ್ ತಮ್ಮ ಆ್ಯಪಲ್-1 ತಂದು ತೋರಿಸಿದ್ದೂ ಇದೇ ಕ್ಲಬ್ಬಿಗೆ. 1979ರಲ್ಲಿ ಮೆಕ್‌ಗ್ರಾ-ಹಿಲ್ ಆಸ್ಬೋರ್ನ್‌ರ ಪ್ರಕಾಶನವನ್ನೇ ಕೊಂಡುಕೊಂಡಿತು.

ಆ ದುಡ್ಡು ಕಂಪ್ಯೂಟರ್‌ಗೆ ದಾರಿಯಾಯಿತು. ಅದೇ ಕ್ಲಬ್ಬಿನ ಲೀ ಫೆಲ್ಸೆನ್‌ಸ್ಟೈನ್ ವಿನ್ಯಾಸ ಮಾಡಿದರು. 1981ರ ಏಪ್ರಿಲ್‌ನಲ್ಲಿ ಆಸ್ಬೋರ್ನ್ 1 ಹೊರಬಂತು. ಮುಚ್ಚಿದರೆ ಹಿಡಿಕೆ ಇರುವ ಹೊಲಿಗೆ ಯಂತ್ರದ ಪೆಟ್ಟಿಗೆ. ಬಿಚ್ಚಿದರೆ ಮುಚ್ಚಳವೇ ಕೀಬೋರ್ಡ್, ಎರಡು ಫ್ಲಾಪಿ ಡ್ರೈವ್, ನಡುವೆ ಕೇವಲ 5 ಇಂಚಿನ ಸ್ಕ್ರೀನ್. ಒಳಗೆ 4 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್, 64 ಕೆಬಿ ಮೆಮೊರಿ. ತೂಕ ಸುಮಾರು 11 ಕೆಜಿ, ಒಳಗೆ ಬ್ಯಾಟರಿಯೂ ಇಲ್ಲ. ನಗು ಬರುತ್ತೆ, ನಿಜ. ಆದರೆ 1,795 ಡಾಲರ್‌ಗೆ ಯಂತ್ರದ ಜೊತೆ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್, ಬೇಸಿಕ್ ಎಲ್ಲ ಸೇರಿಯೇ ಬರ್ತಿತ್ತು. ಬೇರೆಯಾಗಿ ಕೊಂಡಿದ್ದರೆ ಆ ಸಾಫ್ಟ್‌ವೇರ್‌ಗೇ ಹೆಚ್ಚುಕಡಿಮೆ ಅಷ್ಟು ದುಡ್ಡಾಗ್ತಿತ್ತು. ಜನ ಮುಗಿಬಿದ್ದರು. ಚೆನ್ನಾಗಿ ನಡೆದ ಕಾಲದಲ್ಲಿ ತಿಂಗಳಿಗೆ ಸುಮಾರು 10,000 ಯಂತ್ರ ಮಾರಾಟವಾಗ್ತಿದ್ದವು.

ನಂತರ 1983 ಬಂತು. ಎಕ್ಸಿಕ್ಯೂಟಿವ್ ಅನ್ನೋ ಇನ್ನೂ ಒಳ್ಳೆ ಮಾಡೆಲ್ ಬರ್ತಿದೆ ಅಂತ ಆಸ್ಬೋರ್ನ್ ಮೊದಲೇ ಹೇಳಿಬಿಟ್ಟರು. ಹೊಸದು ಬರೋದಿದ್ರೆ ಹಳೇದು ಯಾಕೆ ಅಂತ ಅಂಗಡಿಯವರು ಆರ್ಡರ್ ನಿಲ್ಲಿಸಿದರು. ಗೋಡೌನಿನಲ್ಲಿ ಮಾಲು, ಕೈಯಲ್ಲಿ ಕಾಸಿಲ್ಲ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಹೊಸ ಸರಕಿನ ಸುದ್ದಿ ಕೊಟ್ಟು ಹಳೇ ಸರಕನ್ನು ಕೊಲ್ಲೋದಕ್ಕೆ ಇವತ್ತಿಗೂ ಆಸ್ಬೋರ್ನ್ ಎಫೆಕ್ಟ್ ಅಂತಲೇ ಹೆಸರು.

ಆದರೆ ಇಡೀ ಪತನವನ್ನು ಒಂದು ಬಾಯಿಮಾತಿನ ತಲೆಗೆ ಕಟ್ಟೋದು ಅಷ್ಟು ಸರಿಯಲ್ಲ ಅಂತ ನಮಗನ್ನಿಸುತ್ತೆ. ಅಷ್ಟರಲ್ಲಿ ಕೇಪ್ರೋ ಕಂಪನಿ ಇಂಥದ್ದೇ ಯಂತ್ರವನ್ನು 9 ಇಂಚಿನ ಸ್ಕ್ರೀನ್ ಸಮೇತ ತಂದಿತ್ತು. ಐಬಿಎಂ ಪಿಸಿ ಬಂದಿತ್ತು, ಐಬಿಎಂ ಸಾಫ್ಟ್‌ವೇರ್ ಓಡಿಸುವ, ಹಿಡಿಕೆ ಇರುವ ಪೆಟ್ಟಿಗೆಯೊಂದನ್ನು ಕಾಂಪ್ಯಾಕ್ ಮಾರಲು ಶುರುಮಾಡಿತ್ತು. ಆಸ್ಬೋರ್ನ್ ಬಾಯಿ ಮುಚ್ಚಿಕೊಂಡಿದ್ದರೂ 5 ಇಂಚಿನ ಸ್ಕ್ರೀನ್ ಹೆಚ್ಚು ದಿನ ನಿಲ್ತಿರಲಿಲ್ಲ. ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯಿತು, ಅಷ್ಟೇ. ಹೆಸರು ಮಾತ್ರ ಒಬ್ಬರ ಪಾಲಿಗೆ ಬಂತು.

ಅವರು ಸುಮ್ಮನೆ ಕೂರಲಿಲ್ಲ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಶುರುಮಾಡಿದರು. ಸಾಫ್ಟ್‌ವೇರ್ ಕೂಡ ಪುಸ್ತಕದ ಹಾಗೆ ಅಗ್ಗವಾಗಿ ಸಿಗಬೇಕು ಅನ್ನೋದು ಲೆಕ್ಕ. 495 ಡಾಲರಿನ ಲೋಟಸ್ 1-2-3ಗೆ ಎದುರಾಗಿ ಸುಮಾರು 100 ಡಾಲರಿಗೆ ವಿಪಿ-ಪ್ಲಾನರ್ ಕೊಟ್ಟರು. ಮೆನು ನಮ್ಮದರ ಥರವೇ ಇದೆ ಅಂತ 1987ರಲ್ಲಿ ಲೋಟಸ್ ಕೇಸ್ ಹಾಕಿತು, 1990ರಲ್ಲಿ ಗೆದ್ದಿತು. ತಮಾಷೆ ನೋಡಿ, ಐದು ವರ್ಷದ ಮೇಲೆ ಬೋರ್ಲ್ಯಾಂಡ್ ವಿರುದ್ಧದ ಅಂಥದ್ದೇ ಕೇಸಿನಲ್ಲಿ ಮೇಲಿನ ಕೋರ್ಟು ಮೆನು ಕಮಾಂಡ್‌ಗಳಿಗೆ ಕಾಪಿರೈಟ್ ಇಲ್ಲ ಅಂತ ತೀರ್ಪು ಕೊಟ್ಟಿತು. ಆಸ್ಬೋರ್ನ್‌ಗೆ ಅದರಿಂದ ಏನೂ ಸಿಗಲಿಲ್ಲ. ಮಿದುಳಿನ ಕಾಯಿಲೆ ಅವರನ್ನು ಹಣ್ಣು ಮಾಡಿತ್ತು. 1992ರಲ್ಲಿ ಭಾರತಕ್ಕೆ ಮರಳಿ ಕೊಡೈಕೆನಾಲ್‌ನಲ್ಲಿ ಅಕ್ಕತಂಗಿಯರ ಆಸರೆ ಪಡೆದರು. 2003ರ ಮಾರ್ಚ್ 18ರಂದು, 64ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.

ಈಗ ಸಂಗ್ರಾಹಕರ ವಿಷಯಕ್ಕೆ ಬರೋಣ. ಸಾವಿರಾರು ತಯಾರಾಗಿದ್ದರಿಂದ ಆಸ್ಬೋರ್ನ್ 1ಕ್ಕೆ ಆ್ಯಪಲ್-1ರ ಬೆಲೆ ಬರೋಲ್ಲ. ಆದರೂ ಕೊಳ್ಳೋರು ಸೂಕ್ಷ್ಮವಾಗಿ ನೋಡ್ತಾರೆ. ಮೊದಲ ತಂಡದ ಕಂದು ಪೆಟ್ಟಿಗೆಯಾ ಅಥವಾ ಆಮೇಲೆ ಬಂದ ನೀಲಿ-ಬೂದು ಬಣ್ಣದ್ದಾ? ಎರಡೂ ಡ್ರೈವ್ ಓದುತ್ತವಾ? ಮೂಲ ವರ್ಡ್‌ಸ್ಟಾರ್ ಫ್ಲಾಪಿ, ಮ್ಯಾನ್ಯುಯಲ್ ಇವೆಯಾ? ಮಾರುವವರು ಆತುರಕ್ಕೆ ಪ್ಲಗ್ ಹಾಕಿ ನೋಡೋ ಹಾಗಿಲ್ಲ, ವರ್ಷಗಟ್ಟಲೆ ಕೂತ ಪವರ್ ಸಪ್ಲೈನ ಕೆಪ್ಯಾಸಿಟರ್ ಹೊಗೆ ಕಾರಿಬಿಡಬಹುದು. ಮೊದಲು ಬಿಚ್ಚಿ ಪರೀಕ್ಷಿಸಿ, ಕೆಟ್ಟದ್ದನ್ನು ಬದಲಾಯಿಸಬೇಕು.

ಹೊಸದು ಬರುತ್ತೆ ಅಂತ 1983ರಲ್ಲಿ ಯಾರಿಗೂ ಬೇಡವಾದ ಪೆಟ್ಟಿಗೆಯನ್ನು, ಹಳೇದು ಅನ್ನೋ ಕಾರಣಕ್ಕೇ ಇವತ್ತು ಜನ ಹುಡುಕ್ತಾರೆ. ನಾವು ಹೆಗಲಿಗೆ ಹಾಕ್ಕೊಂಡು ಓಡಾಡೋ ಲ್ಯಾಪ್‌ಟಾಪಿನ ಹಿಂದೆ ಆ 11 ಕೆಜಿಯ ಭಾರವೂ ಇದೆ. ಹಾಗಾಗಿ ಮುಂದಿನ ಸಲ ಯಾರಾದರೂ ಆಸ್ಬೋರ್ನ್ ಎಫೆಕ್ಟ್ ಅಂದರೆ, ಆ ಹಿಡಿಕೆಯ ಕಥೆಯನ್ನೂ ಹೇಳಿ.