ಲಿನಕ್ಸ್‌ಗೆ ದಾರಿ ತೋರಿದ ಅತುಲ್ ಚಿಟ್ನಿಸ್

ಬೆಂಗಳೂರು: ಭಾರತದಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಜನರ ಕೈಗೆ ತಲುಪಿಸಿದವರಲ್ಲಿ ಅತುಲ್ ಚಿಟ್ನಿಸ್ ಪ್ರಮುಖರು. 1962ರ ಫೆಬ್ರುವರಿ 20ರಂದು ಬರ್ಲಿನ್‌ನಲ್ಲಿ ಜನಿಸಿದ ಅವರು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡಿದ್ದು ಬೆಂಗಳೂರನ್ನು.

ದೇಶದ ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲೇ ಚಿಟ್ನಿಸ್ ದೂರವಾಣಿ ತಂತಿಯ ಮೂಲಕ ಸಂದೇಶ ವಿನಿಮಯಕ್ಕೆ ಸಿಐಎಕ್ಸ್ ಎಂಬ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದರು. ಅವರು ಸಲಹಾ ಸಂಪಾದಕರಾಗಿದ್ದ ಪಿಸಿ ಕ್ವೆಸ್ಟ್ ಪತ್ರಿಕೆ 1996ರಲ್ಲಿ ಲಿನಕ್ಸ್ ಸಿಡಿಯನ್ನು ಓದುಗರಿಗೆ ನೀಡಿತು. ಅಂದಿನ 28.8 ಕಿಲೋಬಿಟ್ ಮೋಡೆಮ್‌ನಲ್ಲಿ 650 ಮೆಗಾಬೈಟ್‌ನ ಒಂದು ಸಿಡಿಯಷ್ಟು ಮಾಹಿತಿ ಇಳಿಸಿಕೊಳ್ಳಲು ಪೂರ್ಣ ವೇಗದಲ್ಲೂ ಎರಡು ದಿನ ಮೀರುತ್ತಿತ್ತು.

ಆದರೆ ಸಿಡಿ ಕೈಸೇರಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊಸ ಪ್ರೋಗ್ರಾಂ ಅಳವಡಿಸಿ, ಹೆಸರು ಟೈಪಿಸಿದರೂ ಅಂಥ ಆಜ್ಞೆಯೇ ಇಲ್ಲವೆಂದು ಶೆಲ್ ಹೇಳಬಹುದು. ಕಾರಣ ಸರಳ. ಶೆಲ್ ಇಡೀ ಡಿಸ್ಕ್ ಜಾಲಾಡುವುದಿಲ್ಲ. ಪಾತ್ ಎಂಬ ಪಟ್ಟಿಯಲ್ಲಿರುವ ಕಡತಕೋಶಗಳಲ್ಲಿ ಮಾತ್ರ, ಅದೇ ಕ್ರಮದಲ್ಲಿ ಹುಡುಕುತ್ತದೆ. ಪ್ರೋಗ್ರಾಂ ಇರುವ ಕೋಶವನ್ನು ಆ ಪಟ್ಟಿಗೆ ಸೇರಿಸಿ, ಶೆಲ್‌ನ ಆರಂಭಿಕ ಕಡತದಲ್ಲಿ ಬರೆದಿಟ್ಟರೆ ತೊಡಕು ನಿವಾರಣೆಯಾಗುತ್ತದೆ.

ಬಿಲ್ ಜಾಯ್ ಬರ್ಕ್ಲಿಯಲ್ಲಿ ರೂಪಿಸಿದ ಸಿ ಶೆಲ್ ಆರಂಭದಲ್ಲೇ ಪ್ರೋಗ್ರಾಂಗಳ ಕೋಷ್ಟಕ ಸಿದ್ಧಪಡಿಸಿಕೊಳ್ಳುತ್ತದೆ. ನಂತರ ಬಂದದ್ದು ಅದಕ್ಕೆ ಕಾಣಬೇಕಾದರೆ ರೀಹ್ಯಾಶ್ ಎಂಬ ಆಜ್ಞೆ ಕೊಡಬೇಕು. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಬ್ಯಾಶ್, ಒಮ್ಮೆ ಬಳಸಿದ ಪ್ರೋಗ್ರಾಂನ ನೆಲೆಯನ್ನು ನೆನಪಿಡುತ್ತದೆ. ನೆಲೆ ಬದಲಾದಾಗ ಹಳೆಯ ನೆನಪನ್ನು ಅಳಿಸಲು ಹ್ಯಾಶ್ ಆಜ್ಞೆಗೆ 'ಆರ್' ಆಯ್ಕೆ ಸೇರಿಸಬೇಕು.

ಇಂಥ ಸಣ್ಣ ಸಂಗತಿ ತಿಳಿಸುವವರಿಲ್ಲದಿದ್ದರೆ, ತಂತ್ರಾಂಶವೇ ಕೆಟ್ಟಿದೆಯೆಂದು ಹೊಸಬರು ಕೈಬಿಡುತ್ತಾರೆ. ಅಂಥವರು ತಿಳಿದವರೊಡನೆ ಕಲೆಯಲು ವೇದಿಕೆ ಬೇಕಿತ್ತು. 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮ್ಮೇಳನದ ಸಂಘಟಕರಲ್ಲಿ ಚಿಟ್ನಿಸ್ ಮುಂಚೂಣಿಯಲ್ಲಿದ್ದರು. 2005ರಲ್ಲಿ ಅದು ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದು, ಬೆನ್ಸನ್ ಟೌನ್‌ಗೆ ಅನತಿ ದೂರದ ಬೆಂಗಳೂರು ಅರಮನೆಯಲ್ಲಿ ನಡೆಯಿತು. ಬಳಸಿದರಷ್ಟೇ ಸಾಲದು, ಭಾರತೀಯರು ತಂತ್ರಾಂಶ ಬರೆದು ಜಗತ್ತಿಗೆ ಕೊಡಬೇಕೆಂಬುದು ಅವರ ನಿಲುವಾಗಿತ್ತು. ಹೊಸಬರಿಗೆ ಇದರಿಂದ ಜಾಗ ಕಡಿಮೆಯಾಯಿತೆಂಬ ಆಕ್ಷೇಪವೂ ಬಂತು. ಅವರು ನಿಲುವು ಬದಲಿಸಲಿಲ್ಲ.

ಗಿಟಾರ್ ವಾದಕರೂ ಆಗಿದ್ದ ಚಿಟ್ನಿಸ್, 2013ರ ಜೂನ್ 3ರಂದು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅವರಿಗೆ 51 ವರ್ಷ. ಕೊನೆಯ ಫಾಸ್ ಡಾಟ್ ಇನ್ ಸಮ್ಮೇಳನ ಅದಕ್ಕೆ ಆರು ತಿಂಗಳ ಹಿಂದಷ್ಟೇ ನಡೆದಿತ್ತು.